ಒಂದೆಡೆ ನಿಲ್ಲದ ಉತ್ತರ ಮತ್ತು ತಿರುವುಮುರುವಾದ ಅರ್ಧಗೋಲ

ಒಂದು ಮೀಟರ್ ತ್ರಿಜ್ಯದ ಲೋಹದ ಗೋಲವು 1.4 ಗಿಗಾಹರ್ಟ್ಸ್ ರೇಡಿಯೋ ಅಲೆಯನ್ನು ಹೇಗೆ ಚದುರಿಸುತ್ತದೆ ಎಂದು ಲೆಕ್ಕ ಹಾಕಲು ಅದರ ಮೇಲ್ಮೈಯನ್ನು ಸುಮಾರು 2 ಸೆಂಟಿಮೀಟರ್ ಅಂಚಿನ ತ್ರಿಕೋನಗಳಾಗಿ ಒಡೆದಾಗ, ಅಜ್ಞಾತಗಳ (ಕಂಡುಹಿಡಿಯಬೇಕಾದ ಮೇಲ್ಮೈ ವಿದ್ಯುತ್ ಪ್ರವಾಹದ ಬೆಲೆಗಳ) ಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಬಂದಿತು. ಪ್ರತಿ ಅಜ್ಞಾತ ಇನ್ನೊಂದರ ಮೇಲೆ ಬೀರುವ ಪ್ರಭಾವವನ್ನು ಬರೆದಿಡುವ ಪೂರ್ಣ ಮ್ಯಾಟ್ರಿಕ್ಸ್ ಇಡಲು, ಪ್ರತಿ ಸಂಕೀರ್ಣ ಸಂಖ್ಯೆಗೆ 16 ಬೈಟ್ ಹಿಡಿಯುವ ಡಬಲ್ ಪ್ರಿಸಿಷನ್‌ನಲ್ಲಿ 160 ಜಿಬಿ ಮೆಮೊರಿ ಬೇಕಾಗುವುದರಿಂದ, ದೂರದ ತ್ರಿಕೋನಗಳ ಪ್ರಭಾವವನ್ನು ಗುಂಪುಗುಂಪಾಗಿ ಸಾಗಿಸುವ ಬಹುಸ್ತರದ ಫಾಸ್ಟ್ ಮಲ್ಟಿಪೋಲ್ ವಿಧಾನವನ್ನು ಬಳಸಿದೆ.

ಮೊದಲು ಆಯ್ದುಕೊಂಡದ್ದು ವಿದ್ಯುತ್ ಕ್ಷೇತ್ರದ ಅನುಕಲ (ಇಂಟಿಗ್ರಲ್) ಸಮೀಕರಣ. ಮುಚ್ಚಿದ ಗೋಲದ ಒಳಗಿನ ಅನುರಣನಗಳು (ಗೋಲದ ಒಳಗೇ ಅಲೆ ನಿಂತು ಮೊಳಗುವ ಆವರ್ತನಗಳು) ಈ ಆವರ್ತನದಲ್ಲಿ ಒತ್ತೊತ್ತಾಗಿರುವುದರಿಂದ ಹಂತಹಂತವಾಗಿ ಉತ್ತರದ ಹತ್ತಿರ ಸಾಗುವ ಜಿಎಂರೆಸ್ (GMRES) ವಿಧಾನದ ಪುನರಾವರ್ತನೆ ತೆವಳುತ್ತಿತ್ತು. ಇದಕ್ಕೆ ಪರಿಹಾರ ಈ ಕ್ಷೇತ್ರದವರಿಗೆಲ್ಲ ಗೊತ್ತಿರುವಂಥದ್ದೇ: ಕಾಂತಕ್ಷೇತ್ರದ ಸಮೀಕರಣವನ್ನೂ ಬೆರೆಸಿದ ಸಂಯುಕ್ತ ಸಮೀಕರಣ. ಆದರೆ ಅದನ್ನು ಹಾಕಿದ ಮೇಲೆ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು. ದೂರದ ಪ್ರಭಾವದ ಲೆಕ್ಕ ಸಾಕಷ್ಟು ನಿಖರವಾಗಿಲ್ಲವೆಂದುಕೊಂಡು ಎರಡು ದಿನ ಮಲ್ಟಿಪೋಲ್ ಶ್ರೇಣಿಯ ಪದಗಳ ಸಂಖ್ಯೆಯನ್ನು ಸುಮ್ಮನೆ ಹೆಚ್ಚಿಸುತ್ತಾ ಕುಳಿತಿದ್ದೆ. ಅದು ನನ್ನ ಮೊಂಡುತನ.

ಕೊನೆಗೆ ಪ್ರತಿ ತ್ರಿಕೋನದ ಶೃಂಗಗಳ ಕ್ರಮವನ್ನು ನೆಚ್ಚಿ ಮೆಶ್ (ತ್ರಿಕೋನಗಳ ಜಾಲ) ಆವರಿಸಿದ ಘನಫಲವನ್ನು ಚಿಹ್ನೆಸಹಿತ ಕೂಡಿದೆ. ಸುಮಾರು 4.19 ಘನ ಮೀಟರ್ ಬರಬೇಕಿದ್ದಲ್ಲಿ ಬಂದದ್ದು ಬಹುತೇಕ ಸೊನ್ನೆ. ಒಂದು ಅರ್ಧಗೋಲವನ್ನು ಕನ್ನಡಿಬಿಂಬದಂತೆ ನಕಲು ಮಾಡಿ ಜೋಡಿಸಿದ್ದೆನಾದ್ದರಿಂದ ಆ ನಕಲಿನಲ್ಲಿ ಶೃಂಗಗಳ ಕ್ರಮ ತಿರುಗಿ, ಮೇಲ್ಮೈಯಿಂದ ಹೊರಮುಖವಾಗಿರಬೇಕಿದ್ದ ಲಂಬಗಳೆಲ್ಲ ಒಳಮುಖವಾಗಿದ್ದವು. ವಿದ್ಯುತ್ ಕ್ಷೇತ್ರದ ಸಮೀಕರಣ ಲಂಬದ ದಿಕ್ಕನ್ನು ಕೇಳುವುದಿಲ್ಲವಾದ್ದರಿಂದ ದೋಷ ಅಲ್ಲಿ ಅಡಗಿಯೇ ಇತ್ತು. ಕಾಂತಕ್ಷೇತ್ರದ ಸಮೀಕರಣದಲ್ಲಿ ಮಾತ್ರ ಚಿಹ್ನೆ ತಲೆಕೆಳಗಾಗುತ್ತಿತ್ತು. ಆ ಅರ್ಧದ ಪ್ರತಿ ತ್ರಿಕೋನದಲ್ಲಿ ಎರಡು ಶೃಂಗಗಳನ್ನು ಅದಲುಬದಲು ಮಾಡಿದ ಮೇಲೆ ಪುನರಾವರ್ತನೆ ಬೇಗನೆ ಒಂದು ಉತ್ತರಕ್ಕೆ ಬಂದು ನಿಂತಿತು, ಆ ಉತ್ತರವೂ ಗೋಲಕ್ಕೆ ನಿಖರ ಉತ್ತರ ಕೊಡುವ ಮೀ (Mie) ಶ್ರೇಣಿಯ ವಕ್ರರೇಖೆಯ ಮೇಲೆಯೇ ಕುಳಿತಿತು.