ಮಂಗಳೂರು–ಟೊರಾಂಟೊ: ಮೊದಲು ದೂರ, ಆಮೇಲೆ ಟಿಕೆಟ್

ಟಿಕೆಟಿಂಗ್ ಸಿಸ್ಟಮ್ ತೆರೆಯುವ ಮೊದಲು ನಾನು ದೂರದ ಲೆಕ್ಕ ಹಾಕುತ್ತೇನೆ. ಹಂಪನಕಟ್ಟೆಯ ಟ್ರಾವೆಲ್ ಏಜೆಂಟ್ ಗೆಳೆಯರು ಇದನ್ನು ಬಹಳ ಕಾಲ ಒಪ್ಪಲಿಲ್ಲ. "ಸಿಸ್ಟಮ್ಮೇ ರೂಟ್ ಕೊಡ್ತದಲ್ಲ ಮಾರಾಯ್ರೆ, ನಿಮಗ್ಯಾಕೆ ಈ ತಲೆಬಿಸಿ?" ಎನ್ನುತ್ತಿದ್ದರು. ಆಮೇಲೊಮ್ಮೆ ನಾಲ್ವರ ಕುಟುಂಬವೊಂದನ್ನು ದುಬೈ, ಲಂಡನ್ ಎರಡೂ ಕಡೆ ಇಳಿಸಿ, ಒಂದೇ ಟಿಕೆಟ್‌ನಲ್ಲಿ ಟೊರಾಂಟೊ ಮುಟ್ಟಿಸಿದೆ. ಸುತ್ತು ಹೆಚ್ಚಾಯಿತೆಂದು ಹಾಕುವ ಸರ್‌ಚಾರ್ಜ್ ಒಂದು ರೂಪಾಯಿ ಬೀಳಲಿಲ್ಲ. ಬಿಡಿ ಟಿಕೆಟ್ ತೆಗೆದಿದ್ದರೆ ಅರವತ್ತು ಸಾವಿರದಷ್ಟು ಜಾಸ್ತಿ ಆಗುತ್ತಿತ್ತು. ಈಗ ಅದೇ ಗೆಳೆಯರು ಫೋನ್ ಮಾಡಿ ಕೇಳುತ್ತಾರೆ.

ಈ ಲೆಕ್ಕ ಸುಲಭಕ್ಕೆ ಕೈಗೆ ಬಂದದ್ದಲ್ಲ. ಮೊದಲು ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟೆ. ಗೆರೆ ಸೌದಿ, ಸಹಾರಾ ದಾಟಿ ಅಟ್ಲಾಂಟಿಕ್‌ಗೆ ಹೋಯಿತು. ಆ ಗೆರೆ ಹಿಡಿದು ಹಾರಿದರೆ 15,000 ಕಿ.ಮೀ. ಮೀರುತ್ತದೆ. ಆಮೇಲೆ ಸಾವಿರ ರೂಪಾಯಿಯ ಹನ್ನೆರಡು ಇಂಚಿನ ಗ್ಲೋಬ್ ತಂದೆ. ಹೊಲಿಗೆ ದಾರ ಎಳೆದಷ್ಟೂ ಉದ್ದವಾಗುತ್ತಿತ್ತು. ಗಾಳಕ್ಕೆ ಕಟ್ಟುವ ನೈಲಾನ್ ದಾರ ವಾಸಿ. ಆದರೂ ಒಂದು ಮಿಲಿಮೀಟರ್ ತಪ್ಪಿದರೆ 40 ಕಿ.ಮೀ. ಹೋಯಿತು! ಗ್ಲೋಬ್‌ನಿಂದ ಒಂದು ವಿಷಯ ಮಾತ್ರ ಖಚಿತವಾಯಿತು. ಟೊರಾಂಟೊ ದಾರಿ ಪಶ್ಚಿಮಕ್ಕಲ್ಲ. ಬಜಪೆ ವಿಮಾನ ನಿಲ್ದಾಣದಿಂದ ಹೆಚ್ಚುಕಡಿಮೆ ಉತ್ತರಕ್ಕೆ ಹೊರಟು, ಗ್ರೀನ್‌ಲ್ಯಾಂಡ್ ಮೇಲೆ ಹಾದು ಕೆನಡಾಕ್ಕೆ ಇಳಿಯುತ್ತದೆ.

ಹುಡುಗನೊಬ್ಬನಿಗೆ ಐದು ಸಾವಿರ ಕೊಟ್ಟು ಪ್ರೋಗ್ರಾಮ್ ಮಾಡಿಸಿದೆ. ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಿರಲಿಲ್ಲ. ಟೊರಾಂಟೊ ಕಝಾಕಿಸ್ತಾನಕ್ಕೆ ಹೋಗಿ ಕೂತಿತು, ದೂರ 3,400 ಅಂತ ಬಂತು. ಆ ದುಡ್ಡು ಹೋಯಿತು. ಕೊನೆಗೆ, ಗೋಳದ ಮೇಲೆ ಎರಡು ಜಾಗಗಳ ನಡುವಿನ ದೂರ ತೆಗೆಯುವ ಹ್ಯಾವರ್ಸೈನ್ ಸೂತ್ರವನ್ನು ನಾನೇ ಎಕ್ಸೆಲ್‌ಗೆ ಹಾಕಿದೆ. ಡಿಗ್ರಿಯನ್ನು ರೇಡಿಯನ್ ಮಾಡಿ, ಭೂಮಿಯ ತ್ರಿಜ್ಯ 6,371 ಕಿ.ಮೀ. ಹಿಡಿಯಿರಿ. ಊರಿನದ್ದಲ್ಲ, ವಿಮಾನ ನಿಲ್ದಾಣದ ಅಕ್ಷಾಂಶ-ರೇಖಾಂಶವನ್ನೇ ಹಾಕಿ.

ನೇರ ದೂರ 13,200 ಕಿ.ಮೀ. ಆಸುಪಾಸು ಬಂತು. ದುಬೈ ಮೇಲೆ ಹೋದರೆ 13,550. ದೆಹಲಿ ಮೇಲೆ 13,400, ಅಂದರೆ ಸುತ್ತು ಬರೀ 200. "ಪಶ್ಚಿಮಕ್ಕೆ ಹೋಗುವವರನ್ನು ಉತ್ತರಕ್ಕೆ ಯಾಕೆ ಕಳಿಸ್ತೀರಿ?" ಎಂದವರಿಗೆಲ್ಲ ಈ ಸಾಲು ತೋರಿಸಿದೆ. ದುಬೈ, ಲಂಡನ್ ಎರಡನ್ನೂ ಸೇರಿಸಿದರೂ 13,650 ಕಿ.ಮೀ., ಅಂದರೆ 8,500 ಮೈಲಿ ಅಷ್ಟೇ. ಮೈಲೇಜ್ ಫೇರ್‌ನಲ್ಲಿ, ಅಂದರೆ ದೂರದ ಮಿತಿಯೊಳಗೆ ಸುತ್ತಿ ಹೋಗಲು ಬಿಡುವ ಟಿಕೆಟ್ ದರದಲ್ಲಿ, ಸಾಮಾನ್ಯವಾಗಿ ನೇರ ದೂರಕ್ಕಿಂತ ಶೇ 20ರಷ್ಟು ಹೆಚ್ಚು ಸುತ್ತಲು ಅವಕಾಶ ಇರುತ್ತದೆ. ಅದನ್ನು ಮೀರಿದರೇ ಶೇ 5ರಿಂದ 25ರವರೆಗೆ ಸರ್‌ಚಾರ್ಜ್. ನಮ್ಮದು ಆರಾಮಾಗಿ ಒಳಗೇ ಇತ್ತು. ನಡುವಿನ ಊರುಗಳನ್ನು ಯಾವ ಕ್ರಮದಲ್ಲಿ ಹಾಕಿ ನೋಡುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಕುತೂಹಲಕ್ಕೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಕೂಡ ಹಾಕಿ ನೋಡಿದೆ. 14,000 ಕಿ.ಮೀ. ಹತ್ತಿರ ಬಂತು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಅಲ್ಲಿಂದ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬಂದ ದಾರಿ ಅದು. ಲೆಕ್ಕ ಸರಿಹೊಂದಿದಾಗ ನನಗೆ ತುಂಬಾ ಖುಷಿಯಾಯಿತು.

2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ಶೀಟ್‌ಗೆ "ತಿರುವು" ಅಂತ ಒಂದು ಕಾಲಮ್ ಸೇರಿಸಿದೆ. ದೆಹಲಿಯಿಂದ ಮುಂದಿನ ದಾರಿಗೆ ಗುಜರಾತ್, ಮಸ್ಕತ್ ಎರಡು ತಿರುವು ಕೊಟ್ಟೆ. ದೆಹಲಿಯ ಸಾಲು 15,000 ದಾಟಿತು. ದುಬೈ ಸಾಲು ಅಲ್ಲಾಡಲಿಲ್ಲ. ಆಮೇಲೆ ಟೊರಾಂಟೊ ಗಿರಾಕಿಗಳಿಗೆ ದುಬೈಯನ್ನೇ ಮೊದಲು ತೋರಿಸತೊಡಗಿದೆ.