ಮೈಸೂರಿನ ತಿಂಡಿ ಸುತ್ತು: ಗೈಡೂ ಇಲ್ಲ, ಆಟೋನೂ ಇಲ್ಲ

ನಜರ್‌ಬಾದಿನಲ್ಲಿ ಶುರು ಮಾಡಿ ಮಂಡಿ ಮೊಹಲ್ಲಾದವರೆಗೆ ತಿಂದುಕೊಂಡೇ ನಡೆಯುತ್ತೇನೆ ಅಂದಾಗ ನಕ್ಕವರೇ ಹೆಚ್ಚು. ಎರಡನೇ ಹೋಟೆಲಿಗೇ ಹೊಟ್ಟೆ ಕೈಕೊಡುತ್ತೆ, ಆಮೇಲೆ ಆಟೋನೇ ಗತಿ ಅಂದರು. ಮೊದಲ ಮೂರು ಸಲ ಅವರ ಮಾತೇ ಗೆದ್ದಿತು. ನಾಲ್ಕನೇ ಸಲ ನಾಲ್ಕು ಜನ, ಏಳು ನಿಲುಗಡೆ, ಹೆಚ್ಚುಕಡಿಮೆ 5.5 ಕಿಲೋಮೀಟರ್, ತಲೆಗೆ 400 ರೂಪಾಯಿಯ ಒಳಗೆ ಮುಗಿಯಿತು. ಅದಾದ ಮೇಲೆ ಐದಾರು ಬಾರಿ ಅದೇ ಲೆಕ್ಕದಲ್ಲಿ ಹೋಗಿದ್ದಾಗಿದೆ, ಒಮ್ಮೆಯೂ ದಾರಿ ಮಧ್ಯೆ ಕೈಬಿಟ್ಟಿಲ್ಲ.

ಸೋಲಿನ ಲೆಕ್ಕ ಮೊದಲು. ಒಂದನೇ ಸಲ ಮ್ಯಾಪಿನಲ್ಲಿ ಚುಕ್ಕಿ ಇಟ್ಟುಕೊಂಡು ದಕ್ಷಿಣದ ಚಾಮುಂಡಿಪುರಂನಿಂದ ಹೊರಟಿದ್ದು. ಹತ್ತಿರದ್ದು ಮೊದಲು, ದೂರದ್ದು ಆಮೇಲೆ ಅನ್ನೋ ಲೆಕ್ಕ. ಒಂಬತ್ತು ಗಂಟೆಯೊಳಗೆ ತಲೆಗೆ ಮೂರು ದೋಸೆ ಇಳಿದಿತ್ತು. ದೋಸೆ ಹಿಟ್ಟು, ಆಲೂಗಡ್ಡೆ, ಬೆಣ್ಣೆ, ಮತ್ತೆ ಅದೇ ಹಿಟ್ಟು; ನಾಲಿಗೆಗೆ ವ್ಯತ್ಯಾಸವೇ ತಿಳಿಯಲಿಲ್ಲ. ನಾಲ್ವರಿಗೆ 2,800 ಖರ್ಚಾಗಿ ಅರ್ಧ ತಟ್ಟೆಯಲ್ಲೇ ಉಳಿಯಿತು. ಎರಡನೇ ಸಲ ಸಿಹಿಯಿಂದ ಆರಂಭ. ಖಾಲಿ ಹೊಟ್ಟೆಗೆ ಮೈಸೂರು ಪಾಕ್ ಬಿದ್ದರೆ ಮುಂದಿನ ಒಂದು ಗಂಟೆ ಚಟ್ನಿ ಸಪ್ಪೆ, ಕಾಫಿ ಕಹಿ. ಮನೆಗೆಂದು ಒಂದು ಕೆಜಿ ಕಟ್ಟಿಸಿಕೊಂಡಿದ್ದು ಬೇರೆ, ಮಧ್ಯಾಹ್ನದವರೆಗೂ ಹೆಗಲಿಗೆ ಭಾರ, ಬಿಸಿಲಿಗೆ ತುಪ್ಪ ಒಸರಿ ಚೀಲವೆಲ್ಲ ಜಿಡ್ಡು. ಮೂರನೇದು ಭಾನುವಾರ. ಒಂದು ದೋಸೆ ಹೋಟೆಲಿನ ಮುಂದೆ ನಿಂತೇ 50 ನಿಮಿಷ ಹೋಯಿತು, ಅಲ್ಲಿಂದ ಎಲ್ಲ ಹೊತ್ತೂ ತಪ್ಪಿತು.

ಮೂರರಿಂದಲೂ ತಿಳಿದದ್ದು ಒಂದೇ. ಈ ಸುತ್ತನ್ನು ಮ್ಯಾಪ್ ನೋಡಿ ಕಟ್ಟಬಾರದು, ಗಡಿಯಾರ ನೋಡಿ ಕಟ್ಟಬೇಕು, ಹೊಟ್ಟೆಯನ್ನು ತೂಕದಲ್ಲಿ ಅಳೆಯಬೇಕು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಬ್ಬರಿಗೆ 700 ಗ್ರಾಂ ಅಂತ ಇಟ್ಟುಕೊಂಡೆ, ಕಾಫಿ ಮಜ್ಜಿಗೆ ಸೇರಿಸಿ. ಅಡುಗೆಮನೆಯ ತಕ್ಕಡಿಯಲ್ಲಿ ಪಾರ್ಸೆಲ್ ದೋಸೆ ತೂಗಿದರೆ ಸಾಗು ಸಮೇತ 120 ಗ್ರಾಂ ಆಸುಪಾಸು ಬಂತು. ಹಾಗಾಗಿ ತಲೆಗೆ ಒಂದು ದೋಸೆ, ಅಷ್ಟೇ. ಉಳಿದದ್ದೆಲ್ಲ ಬೈ ಟೂ.

ಹೊರಡೋದು ಮಂಗಳವಾರದಿಂದ ಗುರುವಾರದೊಳಗೆ, ನಜರ್‌ಬಾದಿನಲ್ಲಿ 6:45ಕ್ಕೆ ಹಾಜರಿ. ಮೈಲಾರಿ ಹೆಸರಿನ ಹೋಟೆಲು ಆ ರಸ್ತೆಯಲ್ಲಿ ಎರಡಿವೆ. ಮೂಲ ಯಾವುದು ಅನ್ನೋ ಜಗಳಕ್ಕೆ ನಾನಿಲ್ಲ. ನಾಲ್ಕು ಜನ ಇದ್ದರೆ ಇಬ್ಬಿಬ್ಬರಾಗಿ ಎರಡಕ್ಕೂ ಹೋಗಿ, ಹೊರಗೆ ಬಂದು ಕಚ್ಚಾಡಿ. ಈ ದೋಸೆ ಗರಿಗರಿ ಅಲ್ಲ, ಹತ್ತಿಯಂತೆ ಮೆತ್ತಗೆ, ಒಳಗೆ ಸಾಗು, ಮೇಲೆ ಬೆಣ್ಣೆ. ಎಲೆಗೆ ಬಿದ್ದ ಮೂರು ನಾಲ್ಕು ನಿಮಿಷದಲ್ಲಿ ತಿಂದು ಮುಗಿಸಬೇಕು. ಬೆಣ್ಣೆ ಕರಗಿ ಒಳಗಿಳಿದ ಮೇಲೆ ದೋಸೆ ಮುದ್ದೆಯಾಗುತ್ತೆ. ಪಾರ್ಸೆಲ್ ಕಟ್ಟಿಸೋದಂತೂ ದುಡ್ಡು ದಂಡ, ಹಬೆ ಹೊರಗೆ ಹೋಗದೆ ಪದರ ಒಂದಕ್ಕೊಂದು ಅಂಟಿಕೊಳ್ಳುತ್ತೆ. ತೂಗೋಕೆಂದು ತಂದದ್ದು ಬಿಟ್ಟರೆ ನಾನು ಮತ್ತೆ ಕಟ್ಟಿಸಿಲ್ಲ. ಇಲ್ಲಿ ಕಾಫಿ ಬೇಡ, ಅದು ಮುಂದಿನ ನಿಲುಗಡೆಗೆ.

ಬೆಂಗಳೂರಿನಿಂದ ರೈಲಲ್ಲಿ ಬರೋರಿಗೆ ಒಂದು ಮಾತು: ಮದ್ದೂರಿನಲ್ಲಿ ವಡೆ ಮುಟ್ಟಬೇಡಿ. ಎರಡು ವಡೆ ತಿಂದು ಬಂದವರು ಮೊದಲ ದೋಸೆಗೇ ಕೈತೊಳೆದದ್ದು ಎರಡು ಸಲ ನೋಡಿದ್ದೇನೆ.

ನಜರ್‌ಬಾದಿನಿಂದ ಹಾರ್ಡಿಂಜ್ ವೃತ್ತ, ಅಲ್ಲಿಂದ ಅರಮನೆಯ ಉತ್ತರದ ಬದಿ ಹಿಡಿದು ಕೆ.ಆರ್. ವೃತ್ತ, ಸುಮಾರು 1.8 ಕಿಲೋಮೀಟರ್. 25 ನಿಮಿಷದಲ್ಲಿ ನಡೆಯಬಹುದಾದ್ದನ್ನು ಬೇಕೆಂದೇ 35ಕ್ಕೆ ಎಳೆಯಿರಿ, ದೋಸೆ ಇಳಿಯೋಕೆ ಅಷ್ಟು ಹೊತ್ತು ಬೇಕು. ಇದೇ ದಾರಿಯನ್ನು ಬಾಡಿಗೆ ಸೈಕಲ್ಲಿನಲ್ಲೂ ಮಾಡಿ ನೋಡಿದೆ. ಎಂಟೇ ನಿಮಿಷಕ್ಕೆ ತಲುಪಿದೆ, ಹಸಿವು ಮಾತ್ರ ತಲುಪಲಿಲ್ಲ. ಮಾರುಕಟ್ಟೆಯ ಹತ್ತಿರ ಸೈಕಲ್ ನಿಲ್ಲಿಸೋ ತಲೆನೋವು ಅದರ ಮೇಲೆ.

ಚಿಕ್ಕ ಗಡಿಯಾರದ ಆಸುಪಾಸಿನಲ್ಲಿ ಬೈ ಟೂ ಫಿಲ್ಟರ್ ಕಾಫಿ. ಯಾವ ಅಂಗಡಿ ಅಂತ ಹೇಳೋದಿಲ್ಲ, ಆರೇ ಜನ ನಿಲ್ಲೋ ಜಾಗ. ಗುರುತು ಬೇಕಾದರೆ ಒಂದು: ಡಿಕಾಕ್ಷನ್ ಹೊಸದಾಗಿ ಇಳಿಯುತ್ತಿರೋ ಹೊತ್ತಿಗೆ ಹೋಗಬೇಕು. ಮತ್ತೆ ಮತ್ತೆ ಕುದಿಸಿದ ಡಿಕಾಕ್ಷನ್ನಿನ ಕಹಿ ಮುಚ್ಚೋಕೆ ಸಕ್ಕರೆ ಜಾಸ್ತಿ ಬೀಳುತ್ತೆ, ಆ ಸಕ್ಕರೆ ಮುಂದಿನ ಸಿಹಿಯನ್ನು ಕೆಡಿಸುತ್ತೆ. ಸಕ್ಕರೆ ಕಡಿಮೆ ಅಂತ ಮೊದಲೇ ಹೇಳಿ.

ದೇವರಾಜ ಮಾರುಕಟ್ಟೆಯನ್ನು ಚಿಕ್ಕ ಗಡಿಯಾರದ ಕಡೆಯಿಂದ ಹೊಕ್ಕು ಉತ್ತರಕ್ಕೆ ಧನ್ವಂತರಿ ರಸ್ತೆಯತ್ತ ಸಾಗೋದು. ಹಳೇ ಕಟ್ಟಡ, ಉತ್ತರದ ಬಾಗಿಲಿನ ಭಾಗ 2016ರಲ್ಲಿ ಕುಸಿದದ್ದು ನೆನಪಿರಬಹುದು. ಒಳಗಿನ ಓಣಿಗಳಲ್ಲಿ ಫೋನಿನ ನೀಲಿ ಚುಕ್ಕಿ ಪಕ್ಕದ ಸಾಲಿಗೆ ಹಾರುತ್ತಿರುತ್ತೆ, ಅದನ್ನು ಜೇಬಿಗೆ ಹಾಕಿ. ಹೂವಿನ ಸಾಲು, ಕುಂಕುಮದ ಗುಡ್ಡೆ, ಬಾಳೆಹಣ್ಣಿನ ಸಾಲು, ಇವನ್ನೇ ಗುರುತು ಮಾಡಿಕೊಂಡರೆ ತಪ್ಪೋದಿಲ್ಲ. 8:15ರಿಂದ ಒಂಬತ್ತರವರೆಗೆ ಇಲ್ಲಿ ಕಳೆದರೆ ಸಾಕು.

ಬಾಳೆಹಣ್ಣಿನಲ್ಲಿ ನಾನು ದುಡ್ಡು ಕಳಕೊಂಡಿದ್ದೇನೆ. ನಂಜನಗೂಡು ರಸಬಾಳೆ ಅಂತ ಮೂರು ಪಟ್ಟು ಕೊಟ್ಟು ತಂದದ್ದು ರಸಬಾಳೆ ಆಗಿರಲಿಲ್ಲ. ಪನಾಮಾ ಸೊರಗು ರೋಗ ಬಂದ ಮೇಲೆ ಆ ಬೆಳೆಯೇ ಅಪರೂಪ. ಗುಡ್ಡೆ ಗುಡ್ಡೆ ಪೇರಿಸಿಟ್ಟು ಅಗ್ಗಕ್ಕೆ ಕೊಡುತ್ತೇನೆ ಅಂದರೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ. ತಲೆಗೆ ಒಂದು ಏಲಕ್ಕಿ ಬಾಳೆ ಸಾಕು. ಸಿಪ್ಪೆ ಪೂರ್ತಿ ಹಳದಿ, ತೊಟ್ಟು ಮಾತ್ರ ಗಿಣಿಹಸಿರು ಅನ್ನೋ ಹಣ್ಣು ಬೇಡ, ಬೇಗ ಬೇಗ ಹಣ್ಣು ಮಾಡಿದ್ದು, ಒಳಗೆ ಗಟ್ಟಿ ಇರುತ್ತೆ. ಸಿಪ್ಪೆ ಮೇಲೆ ಸಣ್ಣ ಕಂದು ಚುಕ್ಕೆ ಬಿದ್ದಿದ್ದನ್ನು ಆರಿಸಿ. ಅಲ್ಲೇ ಮೈಸೂರು ಚಿಗುರೆಲೆಯನ್ನೂ (ಎಳೇ ವೀಳ್ಯದೆಲೆ) ಕೊಂಡು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮಧ್ಯಾಹ್ನದ ಊಟದ ಮೇಲೆ ಬಾಡದೆ ಸಿಗುತ್ತೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೆವರಿ ಕಪ್ಪಾಗುತ್ತೆ.

ಸಿಹಿಗೆ 9:30, ಆಚೀಚೆ ಬೇಡ. ಗುರು ಸ್ವೀಟ್ ಮಾರ್ಟ್ ಇರೋದು ಮಾರುಕಟ್ಟೆ ಕಟ್ಟಡದಲ್ಲೇ, ಸಯ್ಯಾಜಿರಾವ್ ರಸ್ತೆಗೆ ಮುಖ ಮಾಡಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದ ಅರಮನೆ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ. ಅಲ್ಲಿನ ಮೆದು ಮೈಸೂರು ಪಾಕ್ ಕೆಜಿಗಟ್ಟಲೆ ಬೇಡ, ನಾಲ್ವರಿಗೆ 100 ಗ್ರಾಂ, ಅಂದರೆ ಒಬ್ಬರಿಗೆ 25. ಇಷ್ಟೇನಾ ಅನ್ನಿಸುತ್ತೆ, ಅನ್ನಿಸಲಿ. ಜೊತೆಗೆ ಬೇರೆ ಅಂಗಡಿಯಿಂದ ಹಳೇ ಮಾದರಿಯ ಗಟ್ಟಿ, ತೂತು ತೂತಿನ ಮೈಸೂರು ಪಾಕ್ 50 ಗ್ರಾಂ ತಂದು ಪಕ್ಕದಲ್ಲಿಟ್ಟು ತಿನ್ನಿ. ಎಳೆಪಾಕದಲ್ಲಿ ಕಡಲೆಹಿಟ್ಟು ಬೇಯುತ್ತಿರುವಾಗ ಕಾದ ತುಪ್ಪ ಸುರಿದಂತೆಲ್ಲ ಅದು ನೊರೆಯುಕ್ಕುತ್ತೆ, ಆ ಗುಳ್ಳೆಗಳೇ ತೂತಾಗಿ ಉಳಿಯೋದು. ತಟ್ಟೆಗೆ ಸುರಿದ ಮೇಲೂ ಮಧ್ಯದಲ್ಲಿ ಶಾಖ ನಿಂತು ಅಲ್ಲಿ ಮಾತ್ರ ಕೆಂಪಾಗುತ್ತೆ. ತುಂಡು ಮುರಿದಾಗ ನಡುವೆ ಆ ಕಂದು ಪಟ್ಟಿ ಕಾಣದಿದ್ದರೆ ಅದು ಗಟ್ಟಿ ಮಾದರಿಯ ಒಳ್ಳೇ ಪಾಕ್ ಅಲ್ಲ. ಮೆದು ಮಾದರಿಯಲ್ಲಿ ಪಟ್ಟಿ ಹುಡುಕಬೇಡಿ, ಅದರ ದಾರಿಯೇ ಬೇರೆ.

ಇದಾದ ಕೂಡಲೇ ತಣ್ಣೀರು ಕುಡಿಯೋದು ಎಲ್ಲರೂ ಮಾಡೋ ತಪ್ಪು. ತುಪ್ಪ ಅಂಗುಳಕ್ಕೆ ಹೆಪ್ಪುಗಟ್ಟಿ ಮೇಣದಂತೆ ಕೂರುತ್ತೆ. ಇದರ ಮೇಲೊಂದು ಸಣ್ಣ ಪ್ರಯೋಗವನ್ನೇ ಮಾಡಿದೆ: ತಣ್ಣೀರು, ಸೋಡಾ, ಮಜ್ಜಿಗೆ, ಉಪ್ಪು ಖಾರ ಹಚ್ಚಿದ ಸೌತೆಕಾಯಿ, ಬಿಸಿನೀರು. ಬಿಸಿನೀರೇ ಗೆದ್ದಿತು, ಎರಡು ಗುಟುಕಿಗೆ ಬಾಯಿ ಶುದ್ಧ. ಸೌತೆಕಾಯಿ ಎರಡನೇದು. ಸೋಡಾ ತೇಗು ಬರಿಸಿತು, ಅಷ್ಟೇ. ಆವತ್ತಿನಿಂದ ಅರ್ಧ ಲೀಟರ್ ಫ್ಲಾಸ್ಕ್ ಜೊತೆಗಿದೆ. ಅದರ ಜೊತೆ ಒಂದು ಸ್ಟೀಲ್ ಡಬ್ಬಿ, ಚಾಕು, ಕೈವಸ್ತ್ರ, ಹತ್ತರ ನೋಟುಗಳು ಹದಿನೈದಿಪ್ಪತ್ತು.

ಹತ್ತರಿಂದ ಹನ್ನೆರಡೂವರೆವರೆಗೆ ಬಾಯಿಗೆ ಬೀಗ. ಸೌತೆಕಾಯಿ, ಮಜ್ಜಿಗೆ ಬಿಟ್ಟು ಬೇರೇನೂ ಇಲ್ಲ. ಸುತ್ತು ನಿಂತಿರೋದೇ ಈ ಎರಡೂವರೆ ಗಂಟೆಯ ಮೇಲೆ, ಆದರೆ ಜನ ಇಲ್ಲೇ ಜಾರೋದು: ಪಾನಿಪುರಿ ಕಂಡರೆ ಕೈ ತಡೆಯಲ್ಲ. ಜಗನ್ಮೋಹನ ಅರಮನೆ ಕಡೆಗೆ ತಿರುಗಿ, ನೆರಳಲ್ಲಿ ಕೂತು, ನಿಧಾನಕ್ಕೆ ಸಯ್ಯಾಜಿರಾವ್ ರಸ್ತೆ ಹಿಡಿದು ಉತ್ತರಕ್ಕೆ ಬನ್ನಿ.

ಮಂಡಿ ಮೊಹಲ್ಲಾದ ಹನುಮಂತು ಹೋಟೆಲು 1930ರದ್ದು, ಮಟನ್ ಪಲಾವ್‌ಗೆ ಹೆಸರು. ನಾಲ್ವರಿಗೆ ಎರಡೇ ಪ್ಲೇಟು. ಮೊದಲ ತುತ್ತು ಏನನ್ನೂ ಕಲಸದೆ ಬರೀ ಅನ್ನ ತಿನ್ನಿ, ಮಾಂಸದ ಸಾರ ಅನ್ನಕ್ಕೆ ಇಳಿದಿರೋದು ಆಗಲೇ ತಿಳಿಯೋದು. ಮಾಂಸ ತಿನ್ನದವರು ಇದನ್ನು ಬಿಟ್ಟು ಬಲ್ಲಾಳ್ ವೃತ್ತದ ಮಹೇಶ್ ಪ್ರಸಾದ್ ಕಡೆ ಹೋಗಬಹುದು, ಆದರೆ ಅದು ತದ್ವಿರುದ್ಧ ದಿಕ್ಕು. ಆ ದಿನ ಸುತ್ತನ್ನೇ ತಿರುಗಿಸಿ ಹಾಕಬೇಕು. ಚಾಮುಂಡಿಪುರಂನ ಜಿ.ಟಿ.ಆರ್. ದೋಸೆಯನ್ನೂ ಅದೇ ದಿನಕ್ಕೆ ಸೇರಿಸಿ, ನಜರ್‌ಬಾದಿನ ದಿನಕ್ಕೆ ತುರುಕಬೇಡಿ.

ಊಟದ ಮೇಲೆ ಒದ್ದೆ ಬಟ್ಟೆ ಬಿಚ್ಚಿ ಚಿಗುರೆಲೆ. ತುದಿ, ತೊಟ್ಟು ಮುರಿದು, ಸುಣ್ಣ ಉಗುರಿನ ತುದಿಯಷ್ಟೇ ಸವರಿ. ಎಲೆ ಎಳೇದು, ಸುಣ್ಣ ಹೆಚ್ಚಾದರೆ ನಾಲಿಗೆ ಸುಟ್ಟು ಸಂಜೆಯ ಚುರುಮುರಿ ಹಾಳು.

ಚುರುಮುರಿ ಏಳನೇ ನಿಲುಗಡೆ, 5:30ರ ಮೇಲೆ. ಪುರಿ (ಮಂಡಕ್ಕಿ), ಕ್ಯಾರೆಟ್ ತುರಿ, ಈರುಳ್ಳಿ, ಕೊತ್ತಂಬರಿ, ಖಾರ, ಕಡಲೆಬೀಜ, ಮೇಲೆ ಕೊಬ್ಬರಿ ಎಣ್ಣೆ. ಗಾಡಿಯವರು ಮೊದಲೇ ಕಲಸಿಟ್ಟಿದ್ದರೆ ಬೇರೆ ಗಾಡಿ ನೋಡಿ. ಈರುಳ್ಳಿ ನೀರು ಬಿಟ್ಟು ಪುರಿ ಐದು ನಿಮಿಷಕ್ಕೇ ಮೆತ್ತಗಾಗುತ್ತೆ. ಎಣ್ಣೆ ಮೊದಲು, ನಿಂಬೆರಸ ಕೊನೆಗೆ ಹಾಕೋರ ಕೈಯಲ್ಲಿ ಎರಡು ನಿಮಿಷ ಜಾಸ್ತಿ ಬಾಳುತ್ತೆ. ನಾನು ಹೋಗೋ ಗಾಡಿ ಅರಮನೆಯ ಕೋಟೆಗೋಡೆಯಿಂದ ದೂರ ಇಲ್ಲ, ಅದಕ್ಕಿಂತ ಹೆಚ್ಚಿಗೆ ಹೇಳಿದರೆ ನನಗೇ ಪೊಟ್ಟಣ ಸಿಗಲ್ಲ.