ಆನ್‌ಲೈನ್ ಟೈರ್ ಹಾಕಿಸಿದ ಮೇಲೆ ಸ್ಟೇರಿಂಗ್ ನಡುಕ: ಸರಿಹೋದದ್ದು ಹೀಗೆ

ಆನ್‌ಲೈನ್‌ನಲ್ಲಿ ತರಿಸಿದ್ದು 185/65 ಆರ್15 88ಎಚ್ ಅಳತೆಯ ಟೈರ್ ನಾಲ್ಕು. ಫಿಟ್ಟಿಂಗ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ನೈಸ್ ರಸ್ತೆಯಲ್ಲಿ 80 ದಾಟಿದರೆ ಸ್ಟೇರಿಂಗ್ ನಡುಗುತ್ತಿತ್ತು. ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿ ಎಂದರು ಕೆಲವರು, ಅದು ದಂಡ. ಗಾಡಿ ಒಂದು ಕಡೆಗೆ ಎಳೆದರೆ ಅಲೈನ್‌ಮೆಂಟ್ ನೋಡಬೇಕು, ನಿರ್ದಿಷ್ಟ ವೇಗದಲ್ಲಿ ಮಾತ್ರ ನಡುಗಿದರೆ ಮೊದಲು ಬ್ಯಾಲೆನ್ಸಿಂಗ್, ಅಂದರೆ ರಿಮ್‌ಗೆ ಸಣ್ಣ ತೂಕ ಹಾಕಿ ಚಕ್ರದ ಭಾರ ಸುತ್ತಲೂ ಸಮ ಮಾಡುವುದು.

ಮುಂದಿನ ಎರಡೂ ಚಕ್ರ ಬಿಚ್ಚಿಸಿದಾಗ ಕಾರಣ ಸಿಕ್ಕಿತು: ಹಳೆಯ ಸೀಸದ ತೂಕಗಳನ್ನು ಕೀಳದೆ ಹೊಸವನ್ನು ಅಂಟಿಸಿದ್ದರು, ಹಬ್ (ಚಕ್ರ ಕೂರುವ ಭಾಗ) ಮೇಲೆ ತುಕ್ಕು ಬೇರೆ. ಎಲ್ಲ ಕಿತ್ತು, ಹಬ್ ಅನ್ನು ವೈರ್ ಬ್ರಷ್‌ನಿಂದ ಉಜ್ಜಿಸಿ, ಮಷೀನ್‌ನಲ್ಲಿ ಎರಡೂ ಬದಿ ಸೊನ್ನೆ ಬರುವವರೆಗೆ ಮತ್ತೆ ತಿರುಗಿಸಿದರು. ನಡುಕ ಮಾಯ.

ಡೆಲಿವರಿ ಬಂದಾಗಲೇ ಟೈರ್ ಬದಿಯಲ್ಲಿರುವ ಡಾಟ್ (DOT) ಸಂಖ್ಯೆ ನೋಡಿ: ಕೊನೆಯ ನಾಲ್ಕು ಅಂಕಿ 2325 ಎಂದರೆ ಟೈರ್ ತಯಾರಾದದ್ದು 2025ರ 23ನೇ ವಾರ. ಟ್ಯೂಬ್‌ಲೆಸ್ ವಾಲ್ವ್‌ಗಳನ್ನೂ ಹೊಸದಾಗಿ ಹಾಕಿಸಿ. ನಟ್‌ಗಳನ್ನು ನಕ್ಷತ್ರದಾಕಾರದಲ್ಲಿ (ಒಂದಾದ ಮೇಲೆ ಅದರ ಎದುರಿನದು) ಬಿಗಿಸಿ, 100 ಕಿ.ಮೀ. ಓಡಿದ ಮೇಲೆ ಟಾರ್ಕ್ ರೆಂಚ್‌ನಲ್ಲಿ (ಬಿಗಿತ ಅಳೆಯುವ ಸ್ಪ್ಯಾನರ್) ಮತ್ತೊಮ್ಮೆ ನೋಡಿ.